ಇಪ್ಪತ್ತಮೂರನೆಯ ತಲೆ

ಬಾಲಂಗೋಚಿ ಎಂಬ ಹೆಸರನ್ನು ಅವನಿಗೆ ಐದನೆಯ ವಯಸ್ಸಿನಲ್ಲಿ ಇಟ್ಟವಳು ಚಿಕ್ಕಮ್ಮ. ಅವಳು ಅಂಗಡಿಗೆ ಹೊರಟರೆ ಕೈಚೀಲದ ಹಿಡಿಗೆ ಜೋತುಬಿದ್ದು ಇವನೂ ಹೊರಟ. ಅಂಚೆ ಕಚೇರಿಗೆ ಹೊರಟರೆ ಅಲ್ಲಿಗೂ ಹೊರಟ. ಅವಳು ಸ್ನಾನಕ್ಕೆ ಹೋದರೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹೊರಗಿನಿಂದಲೇ ಊರ ಸಮಾಚಾರ ಹೇಳುತ್ತಿದ್ದ. ಬಾಲಂಗೋಚಿ ಇಲ್ಲದಿದ್ದರೆ ಗಾಳಿಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ ಎಂದು ಯಾರೋ ಹೇಳಿದಾಗ ಅವನಿಗೆ ಬಹಳ ಹೆಮ್ಮೆಯಾಗಿತ್ತು. ಗಾಳಿಪಟವೇ ಹೋದರೆ ಬಾಲಂಗೋಚಿಯ ಗತಿಯೇನು ಎಂದು ಅವರು ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ.

ಚಿಕ್ಕಮ್ಮ ಒಂದು ಪ್ರವಾಸ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಟೂರ್ ಮ್ಯಾನೇಜರ್ ಆಗಿದ್ದಳು. ಹತ್ತು ದಿನ, ಹೊರದೇಶದ ಮೂರು ಊರು, ಒಂದು ಬಸ್ಸು, ಇಪ್ಪತ್ತು ಚಿಲ್ಲರೆ ಜನ. ವರ್ಷಕ್ಕೆ ಏಳೆಂಟು ಸಲ ಅದೇ ದಾರಿ. ಇವನು ಡಿಗ್ರಿ ಮುಗಿಸಿ ಎರಡು ವರ್ಷ ಮನೆಯ ಸೋಫಾಕ್ಕೆ ಭಾರವಾಗಿದ್ದಾಗ ಅದೇ ಕಂಪನಿಯಲ್ಲಿ ಒಂದು ಮೇಜಿನ ಹಿಂದೆ ಕೂರಿಸಿದವಳೂ ಅವಳೇ. ಜನರ ಪಾಸ್‌ಪೋರ್ಟಿನ ಪ್ರತಿ ತೆಗೆಯುವುದು, ವೀಸಾ ಅರ್ಜಿ ತುಂಬುವುದು, ಫೋಟೋದಲ್ಲಿ ಕಿವಿ ಕಾಣಿಸುತ್ತಿಲ್ಲ ಎಂದು ಫೋನು ಮಾಡುವುದು ಇವನ ಕೆಲಸ. ಲೋಕದ ಅರ್ಧ ಊರುಗಳ ಹೆಸರು ಬಾಯಿಪಾಠವಾಗಿತ್ತು. ಒಂದರ ಮಣ್ಣೂ ಕಾಲಿಗೆ ಹತ್ತಿರಲಿಲ್ಲ. ಅಡುಗೆ ಪುಸ್ತಕ ಓದಿ ಹೊಟ್ಟೆ ತುಂಬಿಸಿಕೊಳ್ಳುವ ಉದ್ಯೋಗ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ.

ಚಿಕ್ಕಮ್ಮನ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇತ್ತು. ಪ್ರತಿ ಊರಿಗೂ ಮೂರು ತಲೆಬರಹ: ನೋಡಲು, ತಿನ್ನಲು, ಕೊಳ್ಳಲು. ಕಂಪನಿ ಅಚ್ಚು ಹಾಕಿಸಿದ ಬಣ್ಣದ ಪುಸ್ತಕದಲ್ಲೂ ಅವೇ ಮೂರು ತಲೆಬರಹಗಳಿದ್ದವು. ಆದರೆ ಒಂದರಲ್ಲಿದ್ದ ಜಾಗ ಇನ್ನೊಂದರಲ್ಲಿ ಇರಲಿಲ್ಲ. ಕಾರಣ ಸರಳ. ಪ್ರತಿ ಊರಿನಲ್ಲೂ ಆ ಊರಿನ ಗೈಡು ಬಂದು ಜನರನ್ನು ಎರಡು ಗಂಟೆ ಒಳಗೆ ಕರೆದುಕೊಂಡು ಹೋಗುತ್ತಿದ್ದ. ಆ ಎರಡು ಗಂಟೆ ಮಾತ್ರ ಚಿಕ್ಕಮ್ಮನದು. ಹಾಗಾಗಿ ಲೋಕ ಸುತ್ತಿದ ಚಿಕ್ಕಮ್ಮನ ಮೆಚ್ಚಿನ ಜಾಗಗಳೆಲ್ಲ ಬಸ್ಸು ನಿಲ್ಲುವ ಜಾಗದಿಂದ ಹದಿನೈದು ನಿಮಿಷದ ನಡಿಗೆಯೊಳಗೇ ಇದ್ದವು.

ಊರುಗಳಿಗೂ ಅವಳದೇ ಹೆಸರು. ಗೋಪುರದ ಊರಿನ ಕೆಳಗೆ, ‘ನೋಡಲು’ ಎಂಬಲ್ಲಿ ಬರೆದಿದ್ದಳು: ‘ಗೋಪುರದ ಬೆನ್ನು. ಮುಖ ಎಲ್ಲರೂ ನೋಡ್ತಾರೆ. ಹಿಂದೆ ರಿಪೇರಿಯವರು ಕಲ್ಲು ಕೆತ್ತುತ್ತಾ ಇರ್ತಾರೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದೇ ಮೂಲೆ. ನಮ್ಮನೆ ನಲ್ಲಿ ಥರ, ಮುಗಿಯೋ ರಿಪೇರಿ ಅಲ್ಲ. ಅಲ್ಲೊಂದು ಕಲ್ಲುಬೆಂಚು ಬಿಸಿಲಿಗೆ ಕಾದಿರುತ್ತೆ, ಸೊಂಟಕ್ಕೆ ಒಳ್ಳೇದು.’

ಮೀನಿನ ಊರಿನ ಕೆಳಗೆ, ‘ತಿನ್ನಲು’ ಎಂಬಲ್ಲಿ: ‘ಮಾರ್ಕೆಟ್ಟಿನ ಹಿಂದಿನ ಓಣಿ, ಐದು ಸ್ಟೂಲಿನ ಸೂಪಿನಂಗಡಿ. ಗೋಡೆ ನೋಡ್ಕೊಂಡು ಕೂರಬೇಕು. ದಿನಾ ಇಪ್ಪತ್ತು ಮುಖ ನೋಡೋರಿಗೆ ಗೋಡೆಗಿಂತ ಒಳ್ಳೆ ನೋಟ ಇಲ್ಲ. ಬ್ರೆಡ್ಡು ಕೇಳಬಾರದು, ತಾನಾಗೇ ಕೊಡ್ತಾಳೆ. ಕೇಳಿದ್ರೆ ಕೊಡಲ್ಲ.’

ಸೇತುವೆಗಳ ಊರಿನ ಕೆಳಗೆ, ‘ಕೊಳ್ಳಲು’ ಎಂಬಲ್ಲಿ: ‘ನಾಲ್ಕನೇ ಸೇತುವೆ ದಾಟಿ ಎಡಕ್ಕೆ, ಗುಂಡಿ ಅಂಗಡಿ. ಅಂಗಿ, ಕೋಟಿನ ಗುಂಡಿ ಬಿಟ್ಟು ಬೇರೇನೂ ಮಾರಲ್ಲ. ಒಂದೇ ಒಂದು ಕೊಂಡ್ರೂ ಬೈಯಲ್ಲ.’

ಚಿಕ್ಕಮ್ಮ ಒಂದೇ ಒಂದು ಕೊಳ್ಳುತ್ತಿದ್ದಳು, ಪ್ರತಿ ಸಲವೂ. ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಗುಂಡಿಗಳಿದ್ದವು. ಮರದ್ದು, ಕೊಂಬಿನದ್ದು, ಚಿಪ್ಪಿನದ್ದು. “ಇಪ್ಪತ್ತೆಂಟು ವರ್ಷ ಲೋಕ ಸುತ್ತಿ ಇವಳು ತಂದಿದ್ದು ಇಷ್ಟು,” ಎಂದು ಇವನ ಅಮ್ಮ ಡಬ್ಬಿ ಅಲ್ಲಾಡಿಸುತ್ತಿದ್ದಳು. “ಒಂದಕ್ಕಾದ್ರೂ ಜೋಡಿ ಇದ್ಯಾ ನೋಡು. ಥೇಟ್ ಅವಳ ಥರಾನೇ.” ಮದುವೆಯಾಗದ ತಂಗಿ ಅದಕ್ಕೆ ನಗುತ್ತಿದ್ದಳು, ಡಬ್ಬಿ ಕಸಿದುಕೊಂಡು ಮುಚ್ಚಳ ಹಾಕುತ್ತಿದ್ದಳು.

ಕೆಲಸದಲ್ಲಿ ಅವಳದು ಮೂರು ನಿಯಮ. ಬೇರೆ ಮ್ಯಾನೇಜರುಗಳು ಕೈಯಲ್ಲಿ ಬಾವುಟ ಹಿಡಿದು ಮುಂದೆ ನಡೆದರೆ ಅವಳು ಬಾವುಟವನ್ನು ಗುಂಪಿನ ಅತ್ಯುತ್ಸಾಹಿಯೊಬ್ಬನ ಕೈಗೆ ಕೊಟ್ಟು ಎಲ್ಲರ ಹಿಂದೆ ನಡೆಯುತ್ತಿದ್ದಳು. “ಮುಂದಿರೋನಿಗೆ ದಾರಿ ಗೊತ್ತಿದ್ರೆ ಸಾಕು. ಹಿಂದಿರೋನಿಗೆ ಜನ ಗೊತ್ತಿರಬೇಕು.” ಎರಡನೆಯದು, ಬಸ್ಸು ಹೊರಡುವ ಮುಂಚೆ ಕಟ್ಟಕಡೆಯ ಸೀಟಿನಿಂದ ಮುಂದಕ್ಕೆ, ಪ್ರತಿ ಸೀಟಿನ ತಲೆಯನ್ನೂ ಬೆರಳಿನಿಂದ ತಟ್ಟುತ್ತ ಎಣಿಸಬೇಕು, ತನ್ನನ್ನು ಸೇರಿಸಿಕೊಳ್ಳಬಾರದು. ಮೂರನೆಯದು, ತಡವಾಗಿ ಬರುವವರಿಗೆ ಐದು ನಿಮಿಷ ಕಾಯಬೇಕು. ಯಾರೇ ಆಗಲಿ ಐದು ನಿಮಿಷ. ಯಾರಿಗೇ ಆಗಲಿ ಆರನೆಯದು ಇಲ್ಲ.

ಒಂದು ಪ್ರವಾಸಕ್ಕೆ ಎರಡು ದಿನವಿರುವಾಗ ಅವಳಿಗೆ ಜ್ವರ ಬಂತು. ಕಂಪನಿಯಲ್ಲಿ ಬೇರೆ ಯಾರೂ ಸಿಗಲಿಲ್ಲ. ಇವನಿಗೆ ವೀಸಾ ಇತ್ತು. ಯಾವತ್ತಾದರೂ ಬೇಕಾದೀತೆಂದು ಅವಳೇ ಮಾಡಿಸಿಟ್ಟಿದ್ದಳು.

“ನನಗೆ ಕುರಿ ಕಾಯೋಕೆ ಬರಲ್ಲ ಚಿಕ್ಕಮ್ಮ,” ಅಂದ.

“ಕುರಿ ಕಾಯೋದು ಸುಲಭ ಕಣೋ. ಅವು ಟಾಯ್ಲೆಟ್ ಎಲ್ಲಿದೆ ಅಂತ ಕೇಳಲ್ಲ.” ಹಾಸಿಗೆಯಿಂದಲೇ ನೀಲಿ ಪುಸ್ತಕ ಕೊಟ್ಟಳು, ಕಂಪನಿಯ ಕಡುನೀಲಿ ಕೋಟನ್ನೂ ಕೊಟ್ಟಳು. ಹೆಂಗಸರ ಅಳತೆಯ ಕೋಟು ಹೊಲಿಸುವ ಯೋಚನೆ ಕಂಪನಿಗೆ ಇಪ್ಪತ್ತೆಂಟು ವರ್ಷದಲ್ಲಿ ಬಂದಿರಲಿಲ್ಲವಾದ್ದರಿಂದ ಅದು ಇವನಿಗೆ ಸರಿಯಾಗಿ ಹೊಂದಿತು. ಎರಡನೆಯ ಗುಂಡಿ ಇರಲಿಲ್ಲ. “ಅಂಥದ್ದೇ ಹುಡುಕ್ತಾ ಇದ್ದಾರೆ ಆ ಗುಂಡಿ ಅಂಗಡೀಲಿ,” ಅಂದಳು. “ನೀನು ಮುಂದೆ ನಡಿ. ನಾನು ಹಿಂದೆ ಬರ್ತೀನಿ.”

ಗೋಪುರದ ಊರಿನಲ್ಲಿ ಬೆಂಚು ಬಿಸಿಯಾಗಿತ್ತು. ಮೀನಿನ ಊರಿಗೆ ತಲುಪಿದ್ದು ಐದನೆಯ ದಿನ. ಸೂಪಿನಂಗಡಿಯ ಹೆಂಗಸು ಮೊದಲು ಕೋಟು ನೋಡಿದಳು, ಆಮೇಲೆ ಇವನ ಮುಖ, ಆಮೇಲೆ ಇವನ ಭುಜದಾಚೆ ಬಾಗಿಲು.

“ಮೇಡಮ್?”

“ಹಿಂದೆ ಬರ್ತಾರೆ,” ಅಂದ. ಚಿಕ್ಕಮ್ಮ ಹೇಳಿದ್ದನ್ನೇ ಹೇಳಿದ. ಗೋಡೆ ನೋಡುತ್ತ ಸೂಪು ಕುಡಿದ. ಬ್ರೆಡ್ಡು ಕೇಳಲಿಲ್ಲ, ಅವಳು ಎರಡು ತುಂಡು ಇಟ್ಟಳು. ಒಂದು ಇವನ ತಟ್ಟೆಯಲ್ಲಿ, ಒಂದು ಪಕ್ಕದ ಖಾಲಿ ಸ್ಟೂಲಿನ ಮುಂದೆ.

ಸಂಜೆ ಫೋನು ಮಾಡಿದಾಗ ಅಮ್ಮ, “ಮಲಗಿದ್ದಾಳೆ ಕಣೋ, ಎಬ್ಬಿಸಲ್ಲ,” ಅಂದಳು. ಮರುದಿನವೂ ಹಾಗೇ ಅಂದಳು. ಅದರ ಮರುದಿನ ಇವನೇ ಕೇಳಲಿಲ್ಲ. ಗುಂಪಿನಲ್ಲಿ ಒಬ್ಬರ ಹಲ್ಲಿನ ಸೆಟ್ಟು ಹೋಟೆಲಿನಲ್ಲಿ ಉಳಿದುಹೋಗಿತ್ತು.

ಹನ್ನೊಂದನೆಯ ದಿನ ಮನೆಯ ಬಾಗಿಲು ತಳ್ಳಿದಾಗ ಚಿಕ್ಕಮ್ಮನ ಮಂಚ ಗೋಡೆಗೆ ಒರಗಿ ನಿಂತಿತ್ತು. ದಿಂಬು ಕಿಟಕಿಯ ಬಿಸಿಲಲ್ಲಿತ್ತು. ಎಲ್ಲ ಮುಗಿದು ಆರು ದಿನವಾಗಿತ್ತು.

“ಇಪ್ಪತ್ತು ಜನರನ್ನ ನಡುದಾರೀಲಿ ಬಿಟ್ಟು ಬರೋಕಾಗ್ತಿತ್ತಾ?” ಅಮ್ಮ ಅಂದಳು. ಅಳುವ ಶಕ್ತಿ ಮುಗಿದವಳ ದನಿ. “ಅವಳೇ ಹೇಳಿದ್ದು. ಗುಂಪು ಊರು ಸೇರೋವರೆಗೂ ಅವನಿಗೆ ಹೇಳಬೇಡಿ ಅಂತ. ಎರಡು ಸಲ ಹೇಳಿದ್ಲು.”

ಇವನು ಗಡಿಯಾರದ ವ್ಯತ್ಯಾಸ ಲೆಕ್ಕ ಹಾಕಿದ. ಇಲ್ಲಿ ಅವಳ ಉಸಿರು ನಿಂತ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಒಂದೂವರೆ. ಸೂಪಿನ ಹೊತ್ತು. ಎರಡು ಸಲ ಹಾಕಿದ, ಮೂರು ಸಲ ಹಾಕಿದ. ವೀಸಾ ಅರ್ಜಿಯಲ್ಲಿ ಹುಟ್ಟಿದ ತಾರೀಕನ್ನೇ ತಪ್ಪಾಗಿ ತುಂಬುವವನ ಲೆಕ್ಕ ಈ ಒಂದು ಸಲ ತಪ್ಪಿರಲಿಲ್ಲ.

ಕಂಪನಿ ಅವಳ ದಾರಿಯನ್ನು ಇವನಿಗೆ ಕೊಟ್ಟಿತು. ಹೊಸ ಕೋಟು ಮುಂದಿನ ವರ್ಷ ಅಂದಿತು.

ಎರಡನೆಯ ಪ್ರವಾಸಕ್ಕೆ ಹೊರಟಾಗ ಹೇಳಬೇಕೆಂದೇ ಇದ್ದ. ವಿಮಾನದಲ್ಲಿ ಮಾತು ಜೋಡಿಸಿಕೊಂಡಿದ್ದ. ಸೂಪಿನಾಕೆ ಕೋಟು ನೋಡಿದಳು, ಭುಜದಾಚೆ ನೋಡಿದಳು, ಕೇಳದೆಯೇ ಎರಡು ತುಂಡು ಬ್ರೆಡ್ಡು ಕತ್ತರಿಸತೊಡಗಿದಳು. ಚಾಕು ಬ್ರೆಡ್ಡಿನೊಳಗೆ ಅರ್ಧ ಇಳಿದಿರುವಾಗ ಒಬ್ಬರು ಸತ್ತರು ಎಂದು ಹೇಳುವುದು ಹೇಗೆ? “ಹಿಂದೆ ಬರ್ತಿದ್ದಾರೆ,” ಅಂದುಬಿಟ್ಟ. ಹೇಳಿದ ಕೂಡಲೇ ಮನಸ್ಸು ಹಗುರವಾಯಿತು. ಅದೇ ಅವನ ತಪ್ಪು. ಅಂಗಡಿಯವರು ‘ಇಷ್ಟೇ ಜನರಾ?’ ಎಂದು ಕೇಳಿದಾಗಲೆಲ್ಲ ಚಿಕ್ಕಮ್ಮ ಹೇಳುತ್ತಿದ್ದ ಮಾತು ಅದು. ಅವಳು ಹಾಗಂದ ಮೇಲೆ ಯಾರಾದರೂ ಒಬ್ಬರು ಹಿಂದೆ ಬಂದೇ ಬರುತ್ತಿದ್ದರು.

ಅವತ್ತು ಮಧ್ಯಾಹ್ನ ಬಸ್ಸಿನಲ್ಲಿ ಎಣಿಸಿದ. ಗುಂಪು ಹತ್ತೊಂಬತ್ತು, ಬೆರಳಿಗೆ ಇಪ್ಪತ್ತು ಸಿಕ್ಕಿತು. ತನ್ನನ್ನೂ ಸೇರಿಸಿಕೊಂಡೆನೇನೋ ಎಂದು ಇನ್ನೊಂದು ಸಲ ಎಣಿಸಿದ. ಇಪ್ಪತ್ತು. ಪಟ್ಟಿ ತೆಗೆದು ಹೆಸರು ಹಿಡಿದು ಗುರುತು ಹಾಕಿದ. ಹತ್ತೊಂಬತ್ತು. ಹೆಸರು ಕೂಗಿದರೆ ಹತ್ತೊಂಬತ್ತು, ತಲೆ ತಟ್ಟಿದರೆ ಇಪ್ಪತ್ತು. ಪಿಯುಸಿಯಲ್ಲಿ ಗಣಿತಕ್ಕೆ ಮೂವತ್ತಾರು ಅಂಕ ಬಂದಿದ್ದು ನೆನಪಾಗಿ ಸಮಾಧಾನ ಮಾಡಿಕೊಂಡ. ಸಮಾಧಾನ ಸೇತುವೆಗಳ ಊರಿನವರೆಗೆ ಬಂತು, ಅಲ್ಲೂ ಒಂದು ಹೆಚ್ಚಿತ್ತು.

ಗುಂಡಿ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ನೆಲದಿಂದ ಮಾಡಿನವರೆಗೆ ಸಣ್ಣ ಸಣ್ಣ ಖಾನೆಗಳು, ಪ್ರತಿ ಖಾನೆಯ ಮುಂದೆ ಒಳಗಿರುವ ಗುಂಡಿಯದೇ ಒಂದು ಮಾದರಿ ಹೊಲಿದಿತ್ತು. ಕಬ್ಬಿಣದ ಒಲೆಯ ಪಕ್ಕದಲ್ಲಿ ಕೂತಿದ್ದ ಮುದುಕ ಕೋಟಿನ ಎರಡನೆಯ ಗುಂಡಿಯ ಖಾಲಿ ಜಾಗ ನೋಡಿ ಮುಗುಳ್ನಕ್ಕ. ಅವನಿಗೆ ಗೊತ್ತಿದ್ದ ಅರ್ಧ ಭಾಷೆ, ಇವನಿಗೆ ಗೊತ್ತಿದ್ದ ಅರ್ಧ ಭಾಷೆ ಸೇರಿ ಒಂದು ಮಾತಾಗುತ್ತಿತ್ತು. ಚಿಕ್ಕಮ್ಮನ ಕಥೆ ಬೇರೆ. ಅವಳು ತನ್ನ ಮಾತಿನಲ್ಲೇ ಮಾತಾಡುತ್ತಿದ್ದಳಂತೆ, ಅವನು ಅವನ ಮಾತಿನಲ್ಲಿ, ಇಬ್ಬರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲವಂತೆ, ಒಂದೂವರೆ ಗಂಟೆ ಹೇಗೆ ಹೋಯಿತೆಂದೂ ತಿಳಿಯುತ್ತಿರಲಿಲ್ಲವಂತೆ. ಇಪ್ಪತ್ತು ವರ್ಷ.

“ಮೇಡಮ್ ಎಲ್ಲಿ?”

“ಹಿಂದೆ ಬರ್ತಿದ್ದಾರೆ.”

ಮುದುಕ ಎದ್ದು ಹೋಗಿ ಬಾಗಿಲನ್ನು ಅರ್ಧ ತೆರೆದಿಟ್ಟು ಬಂದ. ಹೊರಗೆ ಚಳಿ ಕೊರೆಯುತ್ತಿತ್ತು. ಇವನು ಹೊರಡುವವರೆಗೂ ಬಾಗಿಲು ಹಾಗೇ ಇತ್ತು.

ಮೂರನೆಯ ಪ್ರವಾಸದಲ್ಲಿ ಇನ್ನೊಂದಾಯಿತು. ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದವನು ಇವನೇ. ಹಿಂದೆ ನಡೆಯುವ ಧೈರ್ಯವಿರಲಿಲ್ಲ. ಆದರೂ ಗುಂಪಿನಲ್ಲಿ ಒಬ್ಬರೂ ಹಿಂದೆ ಬೀಳುತ್ತಿರಲಿಲ್ಲ. ಆ ಗುಂಪಿನಲ್ಲಿ ಇಬ್ಬರು ಬೀಗಿತ್ತಿಯರಿದ್ದರು. ಮಗಳ ಅತ್ತೆ ಒಂದು ಚೀಲ ಕೊಂಡರೆ ಸೊಸೆಯ ಅಮ್ಮ ಎರಡು ಕೊಳ್ಳಬೇಕು; ಅವರಿಬ್ಬರ ಮರ್ಯಾದೆಯ ಪೈಪೋಟಿಗೆ ಮೂರು ಊರಿನ ಅಂಗಡಿಗಳೂ ಸಾಲುತ್ತಿರಲಿಲ್ಲ. ಅಂಥವರು ಮೀನಿನ ಊರಿನಲ್ಲಿ ಹೇಳಿದ ಹೊತ್ತಿಗೆ ಎರಡು ನಿಮಿಷ ಮುಂಚೆಯೇ ಬಸ್ಸಿಗೆ ಬಂದು ಕೂತರು.

“ಬೇಗ ಬಂದ್ರಲ್ಲ ಅಮ್ಮ,” ಅಂದ.

“ಇನ್ನೇನ್ ಮಾಡೋದಪ್ಪ, ನಿಮ್ಮೋರೇ ಬಂದು ಬೆನ್ನು ತಟ್ಟಿದ್ರೆ?” ದೊಡ್ಡ ಬೀಗಿತ್ತಿ ಅಂದಳು. “ಆ ಸ್ಕಾರ್ಫಿನ ಬಣ್ಣ ಕೂಡ ನೋಡೋಕ್ ಬಿಡ್ಲಿಲ್ಲ.”

“ನಮ್ಮೋರು ಯಾರು?”

“ಹಿಂದೆ ಬರ್ತಾರಲ್ಲ, ಅವರು.”

ಮಾರ್ಕೆಟ್ಟಿನಲ್ಲಿ ಯಾರೋ ದಾರಿ ಬಿಡಿ ಎಂದು ಬೆನ್ನು ತಟ್ಟಿರಬಹುದು. ಇರಬಹುದು. ಅವತ್ತಿನಿಂದ ನಡೆಯುವಾಗ ಕತ್ತು ತಿರುಗಿಸುವುದನ್ನು ಬಿಟ್ಟ. ಅಂಗಡಿಗಳ ಗಾಜಿನಲ್ಲಿ ತನ್ನ ಗುಂಪಿನ ನೆರಳು ಕಂಡರೆ ಕೊನೆಯ ಇಬ್ಬರನ್ನು ಬಿಟ್ಟು ಉಳಿದವರನ್ನು ಮಾತ್ರ ನೋಡುತ್ತಿದ್ದ. ಎಣಿಸಿದಾಗ ಒಂದು ಹೆಚ್ಚಾದರೆ ಸರಿ ಇದೆ ಎಂದುಕೊಳ್ಳುವುದು ರೂಢಿಯಾಯಿತು. ಕಂಪನಿ ‘ಒಬ್ಬರೂ ತಪ್ಪಿಸಿಕೊಳ್ಳದ ತಂಡ’ ಎಂದು ನೋಟೀಸ್ ಬೋರ್ಡಿನಲ್ಲಿ ಇವನ ಫೋಟೋ ಹಾಕಿತು. ಫೋಟೋದಲ್ಲಿ ಕಿವಿ ಕಾಣಿಸುತ್ತಿರಲಿಲ್ಲ.

ಆ ಸಲ ಗುಂಡಿಯ ಮುದುಕ ಒಂದು ತಟ್ಟೆ ತೋರಿಸಿದ. ಅದರಲ್ಲಿ ಒಂದೇ ಗುಂಡಿ. ಕಡುನೀಲಿ, ಅಂಚಿಗೆ ಸಣ್ಣ ಗೆರೆ. ಮುಚ್ಚಿಹೋದ ಯಾವುದೋ ಕಾರ್ಖಾನೆಯ ಉಳಿಕೆ ಮಾಲಿನಲ್ಲಿ ಹುಡುಕಿ ಹುಡುಕಿ ತರಿಸಿದ್ದಂತೆ. ಇವನು ಕೈ ಚಾಚಿದ. ಮುದುಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

“ಅವರ ಕೈಗೇ ಕೊಡ್ತೀನಿ. ಅಂಗಡಿ ಮುಚ್ಚಬೇಕು, ಮಗಳ ಮನೆಗೆ ಹೋಗಬೇಕು. ಇದೊಂದು ಕೊಟ್ಟು ಮುಚ್ತೀನಿ. ಮುಂದಿನ ಸಲ ಖಂಡಿತ ಬರ್ತಾರೆ ತಾನೇ?”

ಬಾಗಿಲು ಅರ್ಧ ತೆರೆದಿತ್ತು. ಒಲೆಯ ಬಿಸಿಯೆಲ್ಲ ಬೀದಿಗೆ ಹೋಗುತ್ತಿತ್ತು. ಇವನು ಹೂಂ ಅಂದ.

ನಾಲ್ಕನೆಯ ಪ್ರವಾಸಕ್ಕೆ ಇಪ್ಪತ್ತೆರಡು ಜನ. ಅವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್. ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಕನ್ನಡಕದ ಮೇಲಿನಿಂದ ಇವನನ್ನು ನಾಲ್ಕನೇ ತರಗತಿಯ ಹುಡುಗನಂತೆ ನೋಡುತ್ತಿದ್ದರು. ಸೇತುವೆಗಳ ಊರಿಗೆ ಹೋಗುವ ದಾರಿಯಲ್ಲಿ, ಮಿಕ್ಕವರು ತೂಕಡಿಸುತ್ತಿರುವಾಗ, ಇವನನ್ನು ಬೆರಳು ಮಡಿಸಿ ಕರೆದರು.

“ತಮ್ಮಾ, ನಿನಗೆ ಎಣಿಸೋಕೆ ಬರಲ್ವೋ, ನನಗೆ ಕಿವಿ ಕೇಳ್ಸಲ್ವೋ? ಆರು ದಿನದಿಂದ ಇಪ್ಪತ್ಮೂರು ಅಂತೀಯ. ಆಮೇಲೆ ‘ಸರಿ ಇದೆ’ ಅಂತೀಯ.”

“ಅಭ್ಯಾಸ ಟೀಚರ್.”

“ಯಾವ ಅಭ್ಯಾಸ?”

ಜಾಣತನದ ಉತ್ತರಗಳು ಅವನ ಬಳಿ ಯಾವಾಗಲೂ ಎರಡು ಮೂರು ತಯಾರಿರುತ್ತಿದ್ದವು. ಆಗ ಅವನ್ನೆಲ್ಲ ಬದಿಗಿಟ್ಟ. ಕೋಟಿನ ಖಾಲಿ ಜಾಗದಲ್ಲಿ ಬೆರಳು ತೂರಿಸಿಕೊಂಡು, “ಈ ಕೋಟಿನವರು ನಮ್ಮ ಚಿಕ್ಕಮ್ಮ,” ಅಂದ. “ಅವರು ಹೋದಾಗ ನಾನು ಇಲ್ಲಿದ್ದೆ. ನೋಡ್ಲಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ. ಹಿಂದೆ ಬರ್ತಿದ್ದಾರೆ ಅಂತಲೇ ಹೇಳ್ಕೊಂಡು ಬಂದಿದೀನಿ.”

ಟೀಚರು ಮಡಿಲಿನ ಚೀಲ ಪಕ್ಕಕ್ಕೆ ಸರಿಸಿದರು. “ನನ್ನ ಕ್ಲಾಸಲ್ಲಿ ಒಂದು ಹುಡುಗಿ ಇದ್ಲು,” ಅಂದರು. “ರಜೆ ಮುಗಿಸಿ ವಾಪಸ್ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದು ಹಾಕೋಕೆ ನನಗೆ ಕೈ ಬರ್ಲಿಲ್ಲ. ದಿನಾ ಕೂಗ್ತಿದ್ದೆ. ಒಂದಿನ ಹಿಂದಿನ ಬೆಂಚಿಂದ ಒಂದು ದನಿ ‘ಬಂದಿದೀನಿ ಮಿಸ್’ ಅಂತು. ಯಾವಳೋ ಕಿಡಿಗೇಡಿ ಅಂದ್ಕೊಂಡು ಎಲ್ಲರಿಗೂ ಬೈದೆ. ಅವತ್ತೇ ಹೆಸರು ಹೊಡೆದು ಹಾಕ್ದೆ.”

“ಆಮೇಲೆ?”

“ಆಮೇಲೆ ಏನಿಲ್ಲ. ಯಾರೂ ಬಂದಿದೀನಿ ಅನ್ಲಿಲ್ಲ.” ಕನ್ನಡಕ ತೆಗೆದು ಒರೆಸಿದರು. “ಕರೆದ್ರೆ ಬರ್ತಾರೆ ತಮ್ಮ. ಅವರಿಗೂ ಸುಸ್ತಾಗಲ್ವಾ?”

ಬಸ್ಸು ನಿಂತಿತು. ಊರಿನ ಗೈಡು ಬಂದು ಜನರನ್ನು ಕರೆದುಕೊಂಡು ಹೋದ. ಇವನು ನಾಲ್ಕನೆಯ ಸೇತುವೆ ದಾಟಿ ಎಡಕ್ಕೆ ತಿರುಗಿದ. ಇವನ ಹೆಜ್ಜೆಯ ಸದ್ದಿನ ಜೊತೆ, ಅರ್ಧ ಹೆಜ್ಜೆ ತಡವಾಗಿ, ಇನ್ನೊಂದು ಸದ್ದು ಕಲ್ಲಿನ ಮೇಲೆ ಬರುತ್ತಿತ್ತು. ಸೇತುವೆಯ ಕೆಳಗಿನ ಪ್ರತಿಧ್ವನಿ ಎಂದುಕೊಂಡ. ಸೇತುವೆ ಮುಗಿದ ಮೇಲೂ ಬಂತು.

ಅಂಗಡಿಯ ಮುಂದೆ ರಟ್ಟಿನ ಪೆಟ್ಟಿಗೆಗಳು ಪೇರಿಸಿದ್ದವು. ಬಾಗಿಲಲ್ಲಿ ನಿಂತಿದ್ದ ಮುದುಕನ ಮಗಳು, ಇವನಿಗಿಂತ ಚೆನ್ನಾಗಿ ಮಾತಾಡುವವಳು, ಕೋಟು ನೋಡಿದ ಕೂಡಲೇ ಸೊಂಟದ ಮೇಲೆ ಕೈಯಿಟ್ಟಳು.

“ನೀವೇ ತಾನೇ? ನಿಮ್ಮ ಮೇಡಮ್ ಬರ್ತಾರೆ ಅಂತ ನಮ್ಮಪ್ಪ ಎರಡು ತಿಂಗಳಿಂದ ಈ ಖಾಲಿ ಅಂಗಡೀಲಿ ಕೂತಿದ್ದಾರೆ. ಗಾಡಿಯವರನ್ನ ಎರಡು ಸಲ ವಾಪಸ್ ಕಳಿಸಿದ್ರು. ಎದೇಲಿ ಕಫ ಕಟ್ಟಿದೆ. ಬಾಗಿಲು ಮುಚ್ಚು ಅಂದ್ರೆ ಕೇಳಲ್ಲ. ಎಲ್ಲಿ ಅವರು?”

ಇವನು ಅವಳನ್ನು ದಾಟಿ ಒಳಗೆ ಹೋದ.

ಖಾನೆಗಳೆಲ್ಲ ಖಾಲಿ. ಮಾದರಿ ಗುಂಡಿಗಳನ್ನು ಕಿತ್ತ ಕಡೆ ದಾರದ ಎರಡೆರಡು ತೂತು, ಗೋಡೆ ತುಂಬ ಸಾವಿರ ಜೋಡಿ ಸಣ್ಣ ಕಣ್ಣುಗಳು. ಉಳಿದಿದ್ದು ಒಲೆ, ಕುರ್ಚಿ, ಮೇಜು, ಮೇಜಿನ ಮೇಲೆ ತಟ್ಟೆ. ಮುದುಕ ಶಾಲು ಹೊದ್ದು ಕೂತಿದ್ದ. ಕೋಟು ನೋಡಿದ. ಭುಜದಾಚೆ ನೋಡಿದ. ಎದ್ದು ಬಟ್ಟೆ ಸರಿ ಮಾಡಿಕೊಂಡ, ಕೂದಲಿಗೆ ಕೈ ಆಡಿಸಿದ.

ಆ ಕೂದಲಿಗೆ ಆಡಿಸಿದ ಕೈಯನ್ನು ಇವನು ನೋಡಿದ. ‘ಹಿಂದೆ’ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ನುಂಗಿಕೊಂಡ.

“ಬರ್ತಿಲ್ಲ,” ಅಂದ.

“ಮುಂದಿನ ಸಲ?”

“ಮುಂದಿನ ಸಲಾನೂ ಇಲ್ಲ. ಹೋಗಿಬಿಟ್ಟರು. ಜ್ವರ ಬಂದಿತ್ತು. ಒಂದೇ ವಾರ.”

ಟೀಚರಿಗೆ ಅರ್ಧ ಹೇಳಿದ್ದು ಬಿಟ್ಟರೆ ಯಾರಿಗೂ, ಅಮ್ಮನಿಗೂ, ಹೇಳಿರದ ಮಾತು ಅದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಹೇಳಿದ ಮೇಲೆ ತನ್ನ ಕಿವಿಗೇ ಅದು ಹೊಸ ಸುದ್ದಿಯಂತೆ ಕೇಳಿಸಿತು.

ಮುದುಕ ನಿಂತೇ ಇದ್ದ. “ಯಾವಾಗ?”

“ಆರು ತಿಂಗಳಾಯ್ತು.”

ಮುದುಕನ ಬೆರಳುಗಳು ತಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಲೆಕ್ಕ ಹಾಕಿದವು. ಒಂದು, ಎರಡು, ಮೂರು. ತಲೆ ಎತ್ತಿ ಇವನನ್ನು ನೋಡಿದ. ಬೈಯಲಿ ಎಂದು ಇವನು ಕಾದ. ಬೈಸಿಕೊಳ್ಳುವುದರಲ್ಲಿ ಅನುಭವವಿತ್ತು, ಸಂಬಳ ಬರುತ್ತಿದ್ದದ್ದೇ ಅದಕ್ಕೆ.

“ಮೂರು ಸಲ ಬಾಗಿಲು ತೆಗೆದಿಟ್ಟೆ,” ಮುದುಕ ಅಂದ. “ಎಷ್ಟು ಸೌದೆ ಸುಟ್ಟೆ ಗೊತ್ತಾ?”

“ತಪ್ಪಾಯ್ತು.”

“ಆ ಗುಂಡಿಗಳನ್ನೆಲ್ಲ ಏನು ಮಾಡಿದ್ರು?”

“ಡಬ್ಬೀಲಿ ಇಟ್ಟಿದ್ದಾರೆ.”

“ಯಾವುದಕ್ಕೂ ಹಾಕ್ಕೊಳ್ಲಿಲ್ವಾ?”

“ಇಲ್ಲ.”

“ಒಂದೂ?”

“ಒಂದೂ.”

ಮುದುಕ ಮೆಲ್ಲಗೆ ತಲೆ ಆಡಿಸಿದ. ಬಹಳ ದಿನದ ಹಿಂದೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಂತೆ. ಆಮೇಲೆ ಬಾಗಿಲ ಬಳಿ ಹೋದ. ಹೊಸ್ತಿಲಲ್ಲಿ ನಿಂತು ಓಣಿಯನ್ನು ಒಂದು ಸಲ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಮಗಳನ್ನು ಒಳಗೆ ಕರೆದ. ಬಾಗಿಲು ಎಳೆದು, ಚಿಲಕ ಹಾಕಿದ.

ಕೋಣೆ ಒಮ್ಮೆಲೆ ಬೆಚ್ಚಗಾಯಿತು. ಹಾಗೆ ಬೆಚ್ಚಗಾಗಿದ್ದು ಯಾರಿಗೂ ಇಷ್ಟವಾದಂತೆ ಕಾಣಲಿಲ್ಲ.

“ಕೋಟು ತೆಗೀಬೇಡ,” ಮುದುಕ ಅಂದ. ಪೆಟ್ಟಿಗೆಯೊಂದನ್ನು ಬಿಚ್ಚಿಸಿ ಸೂಜಿದಾರ ತರಿಸಿದ. ಇವನನ್ನು ಬೆಳಕಿಗೆ ನಿಲ್ಲಿಸಿ, ಕೋಟು ಮೈಮೇಲಿದ್ದಂತೆಯೇ, ಉಸಿರು ತಾಗುವಷ್ಟು ಹತ್ತಿರ ಬಗ್ಗಿ ಗುಂಡಿ ಹೊಲಿದ. ನಡುನಡುವೆ ಕೆಮ್ಮು ಬಂದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮುಖ ತಿರುಗಿಸಿ ಕೆಮ್ಮಿ ಮತ್ತೆ ಹೊಲಿದ. ನಾಲ್ಕು ಎಳೆ ಸಾಕಿತ್ತು, ಎಂಟು ಹಾಕಿದ. ಗುಂಡಿಯ ಅಡಿಯ ಎಳೆಗಳಿಗೆ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದ. ಹೊರಡುವಾಗ ಚಿಲಕ ತೆಗೆದವಳು ಮಗಳು. ಮುದುಕ ಖಾಲಿ ತಟ್ಟೆ ಒರೆಸುತ್ತಿದ್ದ.

ವಾಪಸು ಬರುವಾಗ ಸೇತುವೆಯ ಮೇಲೆ ಒಂದೇ ಹೆಜ್ಜೆಯ ಸದ್ದು. ನಿಂತು ನೋಡಿದ, ಸದ್ದೂ ನಿಂತಿತು. ಎರಡು ತಿಂಗಳಲ್ಲಿ ಮೊದಲ ಸಲ ಕತ್ತು ಪೂರ್ತಿ ತಿರುಗಿಸಿ ಹಿಂದೆ ನೋಡಿದ. ಒಬ್ಬ ಸೈಕಲ್ಲಿನವನು, ನೀರು, ಸಂಜೆಯ ಬಿಸಿಲು.

ಬಸ್ಸಿನಲ್ಲಿ ಕಟ್ಟಕಡೆಯ ಸೀಟಿನಿಂದ ಎಣಿಸುತ್ತ ಬಂದ. ಬೆರಳು ಒಂದೊಂದೇ ಸೀಟಿನ ತಲೆಯನ್ನು ತಟ್ಟಿತು. ಮುಂದಿನ ಸೀಟಿಗೆ ಬಂದಾಗ ಬಾಯಲ್ಲಿದ್ದದ್ದು ಇಪ್ಪತ್ತೆರಡು.

ಮೊದಲು ಹೊಳೆದದ್ದು, ಯಾರನ್ನೋ ಬಿಟ್ಟುಬಂದೆ ಎಂದು. ಪಟ್ಟಿ ತೆಗೆದ. ಹೆಸರು ಕೂಗಿದ. ಇಪ್ಪತ್ತೆರಡೂ ಹೆಸರುಗಳು ಹೂಂಗುಟ್ಟಿದವು. ಇನ್ನೊಂದು ಸಲ ತಟ್ಟಿದ. ಇಪ್ಪತ್ತೆರಡು.

“ಸರಿ ಇದೆ ತಮ್ಮ,” ಟೀಚರು ಮೆತ್ತಗೆ ಅಂದರು. “ನಾನೂ ಎಣಿಸ್ದೆ.”

ಡ್ರೈವರು ಎಂಜಿನ್ ಹಾಕಿ ಕನ್ನಡಿಯಲ್ಲಿ ಇವನನ್ನು ನೋಡಿದ. ಇವನು ಕೈ ಎತ್ತಿ ತಡೆದ. “ಐದು ನಿಮಿಷ.”

“ಯಾರು ಬರಬೇಕು?” ಡ್ರೈವರು ಕೇಳಿದ.

ಇವನು ಕೆಳಗಿಳಿದು ಬಾಗಿಲ ಪಕ್ಕ ನಿಂತ. ಒಳಗೆ ಗೊಣಗಾಟ ಎದ್ದಿತು. “ಎಲ್ಲಾ ಇದೀವಲ್ಲಪ್ಪ, ಇನ್ಯಾರಿಗೆ ಕಾಯೋದು?” ಎಂದು ಒಬ್ಬರು. “ಅವರಿಗೆ ಟಾಯ್ಲೆಟ್ಟಿಗೆ ಹೋಗಬೇಕೇನೋ ಬಿಡಿ,” ಎಂದು ಇನ್ನೊಬ್ಬರು. “ನಿನ್ನೆ ನಾನು ಎರಡು ನಿಮಿಷ ಲೇಟ್ ಮಾಡಿದ್ದಕ್ಕೆ ಮುಖ ಹೇಗೆ ಮಾಡಿದ್ದ ಗೊತ್ತಾ,” ಎಂದು ಮತ್ತೊಬ್ಬರು. ಟೀಚರು, “ಸುಮ್ನಿರಿ,” ಅಂದರು. ಅದು ಮೂವತ್ತು ವರ್ಷ ತರಗತಿಗಳನ್ನು ಅಡಗಿಸಿದ ದನಿ, ಬಸ್ಸು ಅಡಗಿತು.

ಸೇತುವೆಯ ಮೇಲೆ ಜನ ಬಂದರು, ಹೋದರು. ಕಡುನೀಲಿ ಬಟ್ಟೆಯ ಒಬ್ಬ ಹೆಂಗಸು ಈ ಕಡೆಗೇ ಬಂದಳು; ಹತ್ತಿರವಾದಾಗ ಬೇರೆ ಯಾರೋ ಆದಳು. ಮೂರು ನಿಮಿಷ. ನಾಲ್ಕು. ಇವನು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಐದು. ಮುಳ್ಳು ಆರನೆಯ ನಿಮಿಷಕ್ಕೆ ಕಾಲಿಡುವುದನ್ನು ನೋಡಿದ. ಇನ್ನೊಂದೇ ಒಂದು ನಿಮಿಷ ಎಂದು ಯಾರಾದರೂ ಬೇಡಿಕೊಂಡರೆ ಚಿಕ್ಕಮ್ಮ ಏನು ಹೇಳುತ್ತಿದ್ದಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತಿ ಬಂದು, “ನಡೀರಿ,” ಅಂದ.

ಬಸ್ಸು ಹೊರಟಿತು. ಕಿಟಕಿಯೊಂದು ತೆರೆದಿತ್ತು. ಆರು ತಿಂಗಳಿಂದ ಎರಡನೆಯ ಗುಂಡಿಯ ಜಾಗದಲ್ಲಿ ಎದೆಗೆ ನುಗ್ಗುತ್ತಿದ್ದ ತಣ್ಣನೆಯ ಗಾಳಿ ಈಗ ನುಗ್ಗಲಿಲ್ಲ. ಅವನು ಕೈಯಿಟ್ಟು ಗುಂಡಿಯನ್ನು ಮೆಲ್ಲಗೆ ಎಳೆದು ನೋಡಿದ. ಮುದುಕ ಗಟ್ಟಿಯಾಗಿ ಹೊಲಿದಿದ್ದ. ಅಷ್ಟು ಸುಲಭಕ್ಕೆ ಬೀಳುವಂತಿರಲಿಲ್ಲ.